ಹಳೆ ಊರು ಬರೆಯಲು ಹೋದವಳ ಜಮಾ-ಖರ್ಚು

ಧಾರವಾಡದಲ್ಲಿ ನನ್ನ ಜಲವರ್ಣ ಚಿತ್ರಗಳ ಪ್ರದರ್ಶನ ಹೋದ ವಾರ ಮುಗಿಯಿತು. ಮಾರಾಟವಾಗದ ಫ್ರೇಮುಗಳು ಹುಬ್ಬಳ್ಳಿಯ ಮನೆಗೆ ಬಂದು ಮಂಚದ ಕೆಳಗೆ ಸೇರಿವೆ. ಪ್ರದರ್ಶನಕ್ಕೆ ಬಂದವರಲ್ಲಿ ಹಲವರು ನನ್ನನ್ನು ಬದಿಗೆ ಕರೆದು ಒಂದೇ ಮಾತು ಕೇಳಿದರು: "ಅಕ್ಕಾರ, ನಮಗೂ ನಮ್ಮೂರು ಬರೀಬೇಕು ಅಂತ ಭಾಳ ಆಸೆ ಐತ್ರಿ. ಎಲ್ಲಿಂದ ಶುರು ಮಾಡೂದು?" ಅಲ್ಲಿ ನಿಂತುಕೊಂಡು ಪೂರ್ತಿ ಹೇಳಲು ಆಗಲಿಲ್ಲ. ಅವರಿಗಾಗಿ ಇದು. ಚಿತ್ರ ಬರೆಯುವುದು ಹೇಗೆ ಎಂದು ಕಲಿಸುವಷ್ಟು ದೊಡ್ಡವಳು ನಾನಲ್ಲ. ಬರೆಯುವುದರ ಸುತ್ತಮುತ್ತ ಏನೇನು ಕಾಡುತ್ತದೆ ಎಂದಷ್ಟೇ ಹೇಳಬಲ್ಲೆ.

ನಮ್ಮೂರು ರೋಣ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗಿದೆ. ಏಳನೇ ಇಯತ್ತೆಯವರೆಗೆ ಅಲ್ಲೇ ಇದ್ದೆ. ಆಮೇಲೆ ಅಪ್ಪನ ನೌಕರಿಯ ಹಿಂದೆ ಹುಬ್ಬಳ್ಳಿಗೆ ಬಂದವರು ಇಲ್ಲೇ ಉಳಿದೆವು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಆ ಮಳೆಯಲ್ಲಿ ಹೊಳೆ ಊರೊಳಗೆ ಬಂತು. ಮೇಲ್ಮುದ್ದಿ ಮನೆಗಳು, ಅಂದರೆ ಮಣ್ಣಿನ ಮಾಳಿಗೆಯ ಮನೆಗಳು, ನೆನೆದು ಒಂದೊಂದಾಗಿ ಕುಸಿದವು. ಸರ್ಕಾರ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಸಿಕೊಟ್ಟಿತು. ನವಗ್ರಾಮ ಅಂತಾರೆ. ಕೆಲವರು ಅಲ್ಲಿಗೆ ಹೋದರು, ಕೆಲವರು ಹಳೆ ಊರಲ್ಲೇ ಉಳಿದರು, ಇನ್ನು ಕೆಲವರದು ಎತ್ತು-ಎಮ್ಮೆ ಇಲ್ಲಿ, ಮಲಗುವುದು ಅಲ್ಲಿ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟಾಗ ಹೊಳೆ ಮತ್ತೊಮ್ಮೆ ಬಂತು. ಈಗ ಹಳೆ ಊರು ಅಂದರೆ ಅರ್ಧ ಗೋಡೆಗಳು, ಅವುಗಳ ನಡುವೆ ಆಳೆತ್ತರದ ಬಳ್ಳಾರಿ ಜಾಲಿ, ಅದರ ನಡುವೆ ಗಟ್ಟಿಯಾಗಿ ನಿಂತ ಹನುಮಪ್ಪನ ಗುಡಿ.

ನನಗೆ ಜಲವರ್ಣ ಕಲಿಸಿದ ಗುರುಗಳು ಧಾರವಾಡದವರು. ಡಿ.ವಿ. ಹಾಲಭಾವಿ ಅವರ ಕಲಾಶಾಲೆಯಲ್ಲಿ ಕಲಿತವರು, ಮಾತು ಕಡಿಮೆ. ಊರಿನ ಚಿತ್ರ ಬರೆಯುತ್ತೇನೆ ಎಂದಾಗ ಅವರು ಹೇಳಿದ್ದು ಇಷ್ಟೇ: "ಮನ್ಯಾಗ ಕುಂತು ಬರೀಬ್ಯಾಡ. ತೆಂಗಿನ ಗಿಡ ಬಂದು ನಿಲ್ಲತೈತಿ." ನಮ್ಮ ಊರಲ್ಲಿ ತೆಂಗೇ ಇರಲಿಲ್ಲ. ಆದರೂ ನೆನಪಿನಿಂದ ಊರು ಬರೆಯುವ ಯಾರನ್ನೇ ನೋಡಿ, ಒಂದು ಗುಡಿಸಲು, ಒಂದು ಚಕ್ಕಡಿ, ಎರಡು ಗುಡ್ಡದ ನಡುವೆ ಸೂರ್ಯ, ಪಕ್ಕಕ್ಕೆ ಒಂದು ತೆಂಗು ಬಂದೇ ಬರುತ್ತದೆ. ಬಯಲುಸೀಮೆಯ ಹುಡುಗಿಗೆ ಗುಡ್ಡ ಎಲ್ಲಿಂದ ಬರಬೇಕು?

ಹೀಗಾಗಿ ಹೋಗಿಯೇ ಬರೆಯುವುದು ಎಂದಾಯಿತು. ಸಾಮಾನಿದ್ದವರಿಗೆ ಬಸ್ಸಿಗಿಂತ ರೈಲು ಮೇಲು. ಹುಬ್ಬಳ್ಳಿಯಿಂದ ಗದಗ ದಾಟಿ ಬಾಗಲಕೋಟೆ ಕಡೆ ಹೋಗುವ ಪ್ಯಾಸೆಂಜರ್ ಹಿಡಿದರೆ ಹೊಳೆಆಲೂರಿನಲ್ಲಿ ಇಳಿಯಬಹುದು, ಅಲ್ಲಿಂದ ಟಂಟಂ. ಅಣ್ಣಿಗೇರಿ ಬರುವಷ್ಟರಲ್ಲಿ ಎರಡೂ ಕಡೆ ಎರಿ ಹೊಲ, ಅಂದರೆ ಕರಿ ಮಣ್ಣಿನ ಹೊಲ, ಶುರುವಾಗುತ್ತದೆ. ಕಿಟಕಿ ಬದಿಯ ಸೀಟು ಸಿಕ್ಕರೆ ಸಣ್ಣ ವಹಿಯಲ್ಲಿ ಬಣ್ಣದ ಟಿಪ್ಪಣಿ ಮಾಡಿಕೊಳ್ಳಿ. ಹೋಗುವ ಕಾಲವೂ ಮುಖ್ಯ. ಶೀಗಿ ಹುಣ್ಣಿವಿ ಹೊತ್ತಿಗೆ ಹೊಲ ಹಸಿರಾಗಿ ಚೆಂದ ಕಾಣುತ್ತದೆ, ಆದರೆ ದಾರಿಯೆಲ್ಲ ರಾಡಿ, ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡುವುದಿಲ್ಲ. ಬಿಳಿಜೋಳ ತೆನೆಗಟ್ಟುವ ಚಳಿಗಾಲವೇ ನನಗೆ ಹಿಡಿಸಿತು. ಶಿವರಾತ್ರಿ ದಾಟಿತೆಂದರೆ ಬಿಸಿಲು ಕೆಲಸ ಮಾಡಗೊಡುವುದಿಲ್ಲ.

ಹೊರಡುವ ಮುಂಚೆ ಊರಿನ ಗ್ರಾಮ ನಕಾಶೆ ಇಳಿಸಿಕೊಂಡಿದ್ದೆ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಪಿಡಿಎಫ್ ಸಿಗುತ್ತದೆ, ಪುಕ್ಕಟೆ. ಹಳ್ಳ, ದಾರಿ, ಸರ್ವೆ ನಂಬರುಗಳು ಎಲ್ಲ ಇರುತ್ತವೆ. ಮನೆ-ಓಣಿ ಹುಡುಕಬೇಡಿ, ಊರು ಇದ್ದ ಜಾಗ ಬರೀ ಗಾವಠಾಣಾ ಎಂಬ ಒಂದು ಆಕಾರ. ಆದರೂ ಹೊಳೆ ಎಲ್ಲಿ ತಿರುಗುತ್ತದೆ, ಬೆಳಗಿನ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಲು ಅಷ್ಟು ಸಾಕು.

ಆ ನಕಾಶೆಯೇ ಆಮೇಲೆ ನನಗೆ ಕುತ್ತು ತಂದಿತು.

ಮೊದಲ ದಿನ ಅಗಸಿ ಬಾಗಿಲಿನ ಹತ್ತಿರ ಮಡಚುವ ಕುರ್ಚಿ ಹಾಕಿ ಕೂತೆ. ತೊಡೆಯ ಮೇಲೆ ಬೋರ್ಡು, ಪಕ್ಕಕ್ಕೆ ನಕಾಶೆ. ಕೈ ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತಾ ಗೋಡೆಯ ಅಳತೆ ಹಿಡಿಯುತ್ತಿದ್ದೆ. ಚಿತ್ರ ಕಲಿತವರೆಲ್ಲ ಹೀಗೆಯೇ ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ಸುತ್ತ ಜನ ಸೇರಿದರು. ಒಬ್ಬ ಹಿರಿಯರು ಕೇಳಿದರು:

"ಸರ್ವೇದವರೇನ್ರೀ ಯವ್ವಾ?"

"ಅಲ್ರೀ ಯಜ್ಜಾ, ಚಿತ್ರಾ ಬರ್ಯಾಕತ್ತೀನಿ."

"ಚಿತ್ರಾ ಬರ್ಯಾಕ ಅಳತಿ ಯಾಕ ಹಿಡೀತೀರಿ? ನಕಾಶಿ ಯಾಕ ತಂದೀರಿ?"

ಹೊಸ ಮನೆ ತಗೊಂಡವರು ಹಳೆ ಜಾಗ ಬಿಟ್ಟುಕೊಡಬೇಕು ಎಂಬ ಮಾತು ಊರಲ್ಲಿ ವರ್ಷಗಟ್ಟಲೆಯಿಂದ ಓಡಾಡುತ್ತಿದೆ. ಯಾರಿಗೆ ಹಕ್ಕುಪತ್ರ ಸಿಕ್ಕಿದೆ, ಯಾರಿಗೆ ಇಲ್ಲ, ಅಣ್ಣ-ತಮ್ಮಂದಿರಲ್ಲಿ ಯಾರ ಹೆಸರಿಗೆ ಮನೆ ಬಂತು, ಇವೆಲ್ಲ ಇನ್ನೂ ಹಸಿ ಗಾಯ. ಅಂಥಲ್ಲಿ ಹುಬ್ಬಳ್ಳಿಯಿಂದ ಬಂದ ಹೆಂಗಸೊಬ್ಬಳು ಬಿದ್ದ ಗೋಡೆಗಳ ಗೆರೆ ಹೊಡೆದುಕೊಳ್ಳುತ್ತಿದ್ದರೆ ಯಾರು ಸುಮ್ಮನಿರುತ್ತಾರೆ? ಇಂಥವರ ಮಗಳು, ಇಂಥವರ ಮೊಮ್ಮಗಳು ಎಂದು ಹೇಳಿದೆ. ಅದರಿಂದ ಕಾಫಿ ಬಂತು, ಅನುಮಾನ ಹೋಗಲಿಲ್ಲ. ನಮ್ಮ ಕಾಕಾನ ಮಗನೇ ಸಂಜೆ ಬಂದು, "ಅಕ್ಕಾ, ನಮ್ಮ ಮನಿ ಒಂದ್ ಬಿಟ್ಟು ಬ್ಯಾರೆ ಯಾವುದರ ಬರಿ. ಪಾಲಿನ ತಂಟೆ ಇನ್ನೂ ಮುಗದಿಲ್ಲ," ಎಂದ. ನಾನು ಬಂದದ್ದೇ ಆ ಮನೆಗಾಗಿ. ಆ ರಾತ್ರಿ ಚಿಗವ್ವನ ಮನೆಯಲ್ಲಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಗ್ರಾಮ ಪಂಚಾಯ್ತಿಗೆ ಒಂದು ಪತ್ರ ಕೊಡುವುದು ಎಂದು ತೀರ್ಮಾನಿಸಿದೆ. ಬಯಲಲ್ಲಿ ಕೂತು ಚಿತ್ರ ಬರೆಯಲು ಇಂಥ ಪತ್ರ ಕೊಡಲೇಬೇಕೆಂದು ಯಾರೂ ಕೇಳಿರಲಿಲ್ಲ. ಜನರ ಮನಸ್ಸಿನ ಸಮಾಧಾನಕ್ಕೆ ಒಂದು ಶಿಕ್ಕಾ ಬೇಕಾಗಿತ್ತು. ನಾನು ಇಂಥವಳು, ಹವ್ಯಾಸಿ ಚಿತ್ರಕಾರ್ತಿ, ಹಳೆ ಊರಿನ ದೃಶ್ಯಗಳನ್ನು ಬರೆಯುತ್ತಿದ್ದೇನೆ, ಯಾವುದೇ ಆಸ್ತಿಯ ಅಳತೆಗೂ ದಾಖಲೆಗೂ ಇದು ಸಂಬಂಧಿಸಿದ್ದಲ್ಲ ಎಂದು ಅರ್ಧ ಪುಟ. ಜತೆಗೆ ಆಧಾರ್ ನಕಲು, ಹಿಂದೆ ಬರೆದ ಎರಡು ಚಿತ್ರಗಳ ಫೋಟೊ. ಕೊಡಲು ಹೋದರೆ ಪಿಡಿಒ ಸಾಹೇಬರು ತಾಲ್ಲೂಕು ಪಂಚಾಯ್ತಿ ಸಭೆಗೆ. ಮುಂದಿನ ಸಲ ತರಬೇತಿಗೆ. ಆಮೇಲೆ ಅವರು ಸಿಕ್ಕರು, ಆದರೆ ಪತ್ರ ತಗೊಳ್ಳಬೇಕಾದ ಸಿಬ್ಬಂದಿ ಊಟಕ್ಕೆ. ಈ ಕಾಯುವಿಕೆಯಲ್ಲೇ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಎದುರಿನ ಬೇವಿನ ಗಿಡ ಬರೆದೆ. ಬರೆಯುವುದನ್ನು ಕಣ್ಣಾರೆ ನೋಡಿದ ಹುಡುಗರೇ ಊರಿಗೆಲ್ಲ ಸುದ್ದಿ ಮುಟ್ಟಿಸಿದರು. ಪತ್ರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಬೇವಿನ ಗಿಡ. ಕೊನೆಗೂ ನನ್ನ ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂದು ಶಿಕ್ಕಾ ಬಿತ್ತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಬೋರ್ಡಿಗೇ ಸಿಗಿಸಿಕೊಂಡೆ. ನೀವೂ ಇಂಥ ಊರಿಗೆ ಹೋಗುವವರಾದರೆ ಮೊದಲು ಜನರ ನಡುವೆ ಕೂತು ಯಾವುದಾದರೂ ಗಿಡ, ಗುಡಿ ಬರೆಯಿರಿ. ಮನೆಗಳ ತಂಟೆಗೆ ಆಮೇಲೆ ಹೋಗಿ. ಮನೆ ಬರೆಯುವಾಗ ಆ ಮನೆಯವರನ್ನು ಕೇಳಿ.

ಸರ್ಕಾರಿ ಸಂರಕ್ಷಣೆಯ ಹಳೆ ಗುಡಿಗಳಿಗೆ ಹೋಗುವವರಿಗೆ ಒಂದು ಮಾತು. ನಮ್ಮ ಕಡೆ ಲಕ್ಕುಂಡಿ, ಡಂಬಳ, ಅಣ್ಣಿಗೇರಿಯಂಥ ಜಾಗಗಳಿಗೆ ಏನು ಕಡಿಮೆ? ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು, ಚಿತ್ರದ ಬೋರ್ಡು ನಿಲ್ಲಿಸುವ ಮೂರು ಕಾಲಿನ ಈಸಲ್ ಕೂಡ ದೂರದಿಂದ ಟ್ರೈಪಾಡಿನಂತೆಯೇ ಕಾಣುತ್ತದೆ. ತೊಡೆಯ ಮೇಲಿನ ಬೋರ್ಡು ಅಂದರೆ ಈ ವಾದವೇ ಇಲ್ಲ.

ಇನ್ನು ಬಣ್ಣದ ವಿಷಯ. ನಮ್ಮ ಬಯಲಿನ ಒಣ ಗಾಳಿಗೆ ಜಲವರ್ಣ ಎಂದರೆ ಪಂಥ ಕಟ್ಟಿದ ಹಾಗೆ. ಆಕಾಶಕ್ಕೆಂದು ಎಳೆದ ಬಣ್ಣ ಕಾದ ಹಂಚಿಗೆ ಚಿಮುಕಿಸಿದ ನೀರಿನಂತೆ ಕುಂಚ ಎತ್ತುವಷ್ಟರಲ್ಲಿ ಆರಿ, ಅಂಚು ಕಟ್ಟಿಬಿಡುತ್ತದೆ. ಬೆಳಿಗ್ಗೆ ಒಂಬತ್ತೂವರೆಯೊಳಗೆ, ಇಲ್ಲದಿದ್ದರೆ ನಾಲ್ಕೂವರೆಯ ನಂತರ ಬರೆಯಿರಿ. ಕಾಗದದ ಹಿಂಬದಿಯನ್ನೂ ನೆನೆಸಿ ಬೋರ್ಡಿಗೆ ಅಂಟಿಸಿಕೊಳ್ಳಿ, ಒಂದು ಸ್ಪ್ರೇ ಬಾಟಲಿ ಇರಲಿ. ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿದರೆ ಒಂದಿಷ್ಟು ಹೊತ್ತು ತಡೆಯುತ್ತದೆ. ಕಾಗದದಲ್ಲಿ ಮಾತ್ರ ಜಿಪುಣತನ ಬೇಡ: 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ, ನೂರಕ್ಕೆ ನೂರು ಹತ್ತಿಯದು. 22×30 ಇಂಚಿನ ಒಂದು ಹಾಳೆ ದೇಶಿಯದು ನನಗೆ ಮುನ್ನೂರು ರೂಪಾಯಿ ಆಸುಪಾಸಿನಲ್ಲಿ ಸಿಕ್ಕಿತು. ಫ್ರಾನ್ಸಿನ ಕಾಗದಕ್ಕೆ ಅದರ ಎರಡು-ಮೂರು ಪಟ್ಟು. ನಾನು ಹಾಳೆಯನ್ನು ಅರ್ಧ ಮಾಡಿ ಬಳಸಿದೆ.

ಎರಿ ಮಣ್ಣಿಗೆ ಟ್ಯೂಬಿನ ಕರಿ ಬಣ್ಣ ಹಾಕಿದರೆ ಹೊಲವೆಲ್ಲ ಡಾಂಬರು ಆಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬೆರೆಸಿ. ಒಣ ಹೊಲಕ್ಕೆ ನೀರು ಹೆಚ್ಚು, ಕುಂಟಿ ಹೊಡೆದ ಹೊಸ ಸಾಲಿಗೆ ನೀರು ಕಡಿಮೆ. ಮಧ್ಯಾಹ್ನದ ಎರಿ ಹೊಲ ಕರಿ ಅಲ್ಲವೇ ಅಲ್ಲ, ಬೂದಿ. ಬೆಳಿಗ್ಗೆ ಇಬ್ಬನಿ ಇದ್ದಾಗ ಮಾತ್ರ ಅದು ಕಪ್ಪು. ಕೆಂಪಿಗೆ ಅಲಿಝರಿನ್ ಕ್ರಿಮ್ಸನ್ ಬಳಸಬೇಡಿ, ಬೆಳಕಿಗೆ ಮಾಸುತ್ತದೆ.

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಹೊಲವಲ್ಲ, ಗೋಡೆ. ಕಾಕಾನ ಮಗ ಆಮೇಲೆ ಮೆತ್ತಗಾದ. "ಮನಿ ನಂಬರ್, ಹೆಸರು ಏನೂ ಹಾಕಬ್ಯಾಡ" ಎಂಬ ಕರಾರಿನ ಮೇಲೆ ಒಪ್ಪಿದ. ನಮ್ಮ ಮನೆಯ ಮುಂಗೋಡೆ ಪೂರ್ತಿ ಹೋಗಿದೆ. ಹೀಗಾಗಿ ಒಳಗಿನ ಪಡಸಾಲೆ ಈಗ ಹೊರಗೆ, ಬೀದಿಗೆ. ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಆ ಗೋಡೆಯ ಮೇಲೆ ನೆಲದಿಂದ ಎದೆಮಟ್ಟಕ್ಕೆ ಒಂದು ಗೆರೆ: ಅದರ ಕೆಳಗೆಲ್ಲ ಹೊಳೆಯ ಹುದಲಿನ ಕಂದು, ಮೇಲೆ ನೀಲಿ. ಗೆರೆ ನೇರವಾಗಿಲ್ಲ, ನೀರು ಇಳಿಯುತ್ತಾ ನಿಂತು ನಿಂತು ಹೋದ ಹಾಗೆ ಒಂದರ ಕೆಳಗೊಂದು ತೆಳು ಗೆರೆಗಳಿವೆ. ಬಲಕ್ಕೆ ದೀಪ ಇಡುತ್ತಿದ್ದ ಮಾಡ, ಅದರ ನೆತ್ತಿಗೆ ಅವ್ವನ ಕಾಲದ ಮಸಿ. ಹೊಳೆ ಅದನ್ನು ಮುಟ್ಟಿಲ್ಲ. ಮಾಳಿಗೆಯ ತೊಲೆ ಒಂದೇ ಉಳಿದಿದೆ. ಅದರ ಮೇಲೆ ಸವಳು ಮಣ್ಣಿನ ಒಂದು ಹೆಂಟೆ, ಹೆಂಟೆಯ ಮೇಲೆ ಹುಲ್ಲು. ಆ ನೀಲಿ ಹಿಡಿಯಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸೆರುಲಿಯನ್ ಹಾಕಿದರೆ ಹೊಸ ಮನೆಯ ಪೇಂಟು. ಕೋಬಾಲ್ಟ್ ತೆಳ್ಳಗೆ ಎಳೆದು, ಪೂರ್ತಿ ಆರಿದ ಮೇಲೆ ಅದರ ಮೇಲೆ ರಾ ಅಂಬರಿನ ಇನ್ನೂ ತೆಳು ನೀರು ಹರಿಸಿದಾಗ ಬಂತು. ಅದು ಬಂದಾಗ ಅಳು ಬಂತು, ಸುಳ್ಳೇಕೆ ಹೇಳಲಿ. ಪಕ್ಕದಲ್ಲಿ ಕುರಿ ಕಾಯುವ ಹುಡುಗ "ಅಕ್ಕಾರ, ಬಣ್ಣಾ ಕಣ್ಣಾಗ ಹೋತೇನ್ರಿ?" ಎಂದು ನೀರಿನ ಬಾಟಲಿ ಚಾಚಿದ.

ಜಾಲಿ ಕಂಟಿ, ಕರೆಂಟಿನ ಕಂಬ, ದೂರದಲ್ಲಿ ನವಗ್ರಾಮದ ನೀರಿನ ಟಾಕಿ, ಇವನ್ನು ಬಿಟ್ಟು ಬರೆಯಬೇಕೋ ಇಟ್ಟು ಬರೆಯಬೇಕೋ ಎಂದು ಬಹಳ ಜನ ಕೇಳುತ್ತಾರೆ. ನಾನು ಎಲ್ಲ ಇಟ್ಟೆ. ಜಾಲಿ ತೆಗೆದು ಬರೆದರೆ ಊರು ನಿನ್ನೆ ಮೊನ್ನೆ ಬಿದ್ದ ಹಾಗೆ ಕಾಣುತ್ತದೆ. ಟಾಕಿ ತೆಗೆದರೆ ಜನ ಎಲ್ಲಿ ಹೋದರು ಎಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಇರುವುದಿಲ್ಲ. ಚೆಂದ ಕಾಣಲಿ ಎಂದು ಇವನ್ನೆಲ್ಲ ಕಿತ್ತುಹಾಕಿದ ಊರಿನ ಚಿತ್ರಗಳು ಮಾರಾಟವಾಗುತ್ತವೆ, ಹೌದು. ನನಗೆ ಮನಸ್ಸು ಬರಲಿಲ್ಲ.

ಚಿತ್ರಗಳು ಒಂದು ಪ್ರದರ್ಶನಕ್ಕಾಗುವಷ್ಟಾದ ಮೇಲೆ ಎರಡನೇ ಅಧ್ಯಾಯ, ಅದೇ ಕಷ್ಟದ್ದು. ಗ್ಯಾಲರಿಗೆ ಅರ್ಜಿ. ಕೇಳಿದ್ದು: ಕಲಾವಿದರ ಪರಿಚಯ ಪತ್ರ, ಆಧಾರ್, ಕೃತಿಗಳ ಪಟ್ಟಿ (ಹೆಸರು, ಅಳತೆ, ಮಾಧ್ಯಮ, ಬೆಲೆ), ನಾಲ್ಕೈದು ಕೃತಿಗಳ ಫೋಟೊ, ಬಾಡಿಗೆ ಮತ್ತು ಠೇವಣಿಗೆ ಡಿಮಾಂಡ್ ಡ್ರಾಫ್ಟ್. ಡಿಡಿ ತೆಗೆಸಲು ಬ್ಯಾಂಕಿಗೆ ಹೋದರೆ ಕೌಂಟರಿನ ಹುಡುಗಿ, "ಮೇಡಂ, ಈಗ ಯಾರೂ ಡಿಡಿ ತಗೊಳಂಗಿಲ್ಲ," ಎಂದು ನನಗೇ ಪಾಠ ಹೇಳಿದಳು. ಅರ್ಜಿ ಕೊಟ್ಟು ದಿನಾಂಕ ಸಿಗಲು ತಿಂಗಳುಗಳೇ ಹೋದವು. ಸಿಕ್ಕಿತು, ಆಮಂತ್ರಣ ಅಚ್ಚಾಯಿತು. ಮುದ್ರಣಕ್ಕೆ ಗದಗ ಮೊದಲಿನಿಂದ ಹೆಸರಾದದ್ದು, ಅಲ್ಲೇ ಮಾಡಿಸಿದೆ, ಅಗ್ಗಕ್ಕೂ ಆಯಿತು. ವಾರವಿರುವಾಗ ಫೋನು: ಆ ದಿನಗಳಿಗೆ ಬೇರೆ ಕಾರ್ಯಕ್ರಮ ಬಂದಿದೆ, ನಿಮ್ಮದನ್ನು ಮುಂದಕ್ಕೆ ಹಾಕಿಕೊಳ್ಳಿ. ಲಿಖಿತವಾಗಿ ಕೊಡಿ ಎಂದರೆ ಕೊಡಲಿಲ್ಲ. ಅಚ್ಚಾದ ಆಮಂತ್ರಣವೆಲ್ಲ ರದ್ದಿ. ಯಾವ ಗ್ಯಾಲರಿ ಎಂದು ಹೇಳುವುದಿಲ್ಲ, ಮುಂದೆ ನನಗೂ ಬೇಕಾದೀತು. ನೀವು ಮಾತ್ರ ದಿನಾಂಕದ ಖಾತ್ರಿ ಪತ್ರ ಕೈಗೆ ಬರುವ ತನಕ ಏನನ್ನೂ ಅಚ್ಚು ಹಾಕಿಸಬೇಡಿ. ಮೊಬೈಲಿಗೆ ಕಳಿಸುವ ಆಮಂತ್ರಣ ಸಾಕು. ಹಿರಿಯರಿಗೆ ಬೇಕಾದರೆ ಇಪ್ಪತ್ತೈದು ಕಾರ್ಡು.

ಫ್ರೇಮು ಹಾಕಿಸುವುದು ಇಡೀ ಯಾತ್ರೆಯ ಅತಿ ದೊಡ್ಡ ಖರ್ಚು. ಮೌಂಟು (ಚಿತ್ರದ ಸುತ್ತ ಬರುವ ದಪ್ಪ ಬೋರ್ಡು), ಗಾಜು, ಕಟ್ಟು ಸೇರಿ ಒಂದಕ್ಕೆ ಸಾವಿರದ ನಾನೂರು. ಸಾದಾ ಮೌಂಟ್ ಬೋರ್ಡು ಕೆಲ ವರ್ಷಗಳಲ್ಲಿ ಹಳದಿಯಾಗಿ ಚಿತ್ರಕ್ಕೂ ಕಲೆ ಹತ್ತಿಸುತ್ತದೆ, ಆಮ್ಲರಹಿತ ಬೋರ್ಡು ಎಂದು ಒತ್ತಿ ಹೇಳಬೇಕು. ಒಬ್ಬ ಅಂಗಡಿಯವ ನನ್ನ ಒಂದು ಚಿತ್ರದ ಹಿಂಬದಿಗೆಲ್ಲ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಮೆತ್ತಿಬಿಟ್ಟಿದ್ದ. ಕಾಗದ ಉಬ್ಬಿ ಹೊಳೆಯ ನೀರಿಗೆ ಇನ್ನಷ್ಟು ಅಲೆ ಬಂದಿತ್ತು. "ಗಟ್ಟಿ ಕುಂತೈತ್ರೀ ಅಕ್ಕಾರ, ಜನ್ಮಕ್ಕ ಬಿಚ್ಚಂಗಿಲ್ಲ," ಎಂದ ಹೆಮ್ಮೆಯಿಂದ. ಅದು ಹೋಯಿತು. ಮೇಲಂಚಿಗೆ ಮಾತ್ರ ಕಾಗದದ ಟೇಪಿನಿಂದ ತೂಗುಹಾಕಿಸಿ, ಉಳಿದ ಮೂರು ಬದಿ ಬಿಡುವಾಗಿರಲಿ. ಅಂಗಡಿಯಲ್ಲಿ ಎದುರಿಗೇ ಕೂತು ಮಾಡಿಸಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಿಡಿ ಕಾಗದಗಳಾದರೆ ಎರಡೂ ಊರಿನ ನಡುವೆ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನಲ್ಲಿ ಒಯ್ಯಬಹುದು, ಅದೂ ಹನ್ನೊಂದರ ಮೇಲೆ, ಕಾಲೇಜು ಹುಡುಗರ ಗದ್ದಲ ಇಳಿದ ಮೇಲೆ. ಗಾಜಿನ ಫ್ರೇಮುಗಳಿಗೆ ಸಣ್ಣ ಟೆಂಪೋ ಮಾಡಿದೆ. ಗಾಜಿನ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪು, ಎರಡು ಫ್ರೇಮುಗಳ ಮುಖಕ್ಕೆ ಮುಖ, ನಡುವೆ ಹಳೆ ಕೌದಿ. ನವಲೂರ ಹತ್ತಿರ ಚಾಲಕ ಹಾಕಿದ ಒಂದು ಬ್ರೇಕಿಗೆ ನನ್ನ ಜೀವ ಬಾಯಿಗೆ ಬಂದಿತ್ತು, ಗಾಜಿಗೆ ಏನೂ ಆಗಲಿಲ್ಲ.

ಬೆಲೆ ಇಡುವ ಸಂಕಟ ಬೇರೆ. ಅರ್ಧ ಹಾಳೆಯ ಚಿತ್ರಕ್ಕೆ ಆರು ಸಾವಿರ ಇಟ್ಟೆ. ನೆಂಟರಿಗೆ ದುಬಾರಿ ಅನ್ನಿಸಿತು, ಕಲಾವಿದ ಗೆಳೆಯರಿಗೆ ಅಗ್ಗ ಅನ್ನಿಸಿತು. ಹೊಳೆ, ಜೋಳದ ಹೊಲ, ಕುರಿ ಹಿಂಡು ಇದ್ದವು ಮೊದಲೆರಡು ದಿನಗಳಲ್ಲೇ ಹೋದವು. ಗೋಡೆಯ ಚಿತ್ರಗಳ ಮುಂದೆ ಜನ ಹೆಚ್ಚು ಹೊತ್ತು ನಿಂತರು, ಕೊಳ್ಳಲಿಲ್ಲ. ಒಬ್ಬರು, "ಮನ್ಯಾಗ ಬಿದ್ದ ಮನಿ ಚಿತ್ರಾ ಹಾಕಬಾರದ್ರೀ, ವಾಸ್ತುಕ ಬರಂಗಿಲ್ಲ," ಎಂದು ನನಗೆ ಬುದ್ಧಿ ಹೇಳಿದರು. ಇರಲಿ.

ಕೊನೆಯ ದಿನ, ಭಾನುವಾರ, ಊರಿಂದ ಒಂದು ಕ್ರೂಸರ್ ತುಂಬ ಜನ ಬಂದರು. ಚಿಗವ್ವ, ಕಾಕಾನ ಮಗ, "ಸರ್ವೇದವರೇನ್ರೀ" ಎಂದಿದ್ದ ಯಜ್ಜ. ಯಾರೂ ಬಣ್ಣ ನೋಡಲಿಲ್ಲ, ಎಲ್ಲರೂ ಮನೆ ಹುಡುಕಿದರು. "ಇದು ಬಡಿಗ್ಯಾರ ಓಣಿ. ಇಲ್ಲೆ ನಿಂತ್ರ ನಮ್ಮ ಕಟ್ಟಿ ಕಾಣಬೇಕಾಗಿತ್ತು, ಜಾಲಿ ಅಡ್ಡ ಬಂದೈತಿ." ಯಜ್ಜ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಪಡಸಾಲೆಯ ಚಿತ್ರ ನೋಡಿ, "ನೀರಿನ ಗೆರಿ ಬರೋಬ್ಬರಿ ಐತಿ. ಆದರ ಇದು ಎರಡನೇ ಸಲದ್ದು. ಮೊದಲನೇ ಸಲ ಮಾಡದ ತನಕ ಬಂದಿತ್ತು," ಎಂದರು. ಚಿಗವ್ವ ಒಪ್ಪಲಿಲ್ಲ. ಮಾಡಕ್ಕೆ ನೀರು ಬಂದಿದ್ದರೆ ಮಸಿ ಎಲ್ಲಿ ಉಳಿಯುತ್ತಿತ್ತು ಎಂದು ಅವಳ ವಾದ. ಗ್ಯಾಲರಿ ಮುಚ್ಚುವ ಹೊತ್ತಾಯಿತು ಎಂದು ಕಾವಲುಗಾರ ಬಂದು ನಿಲ್ಲುವ ತನಕ ಇದು ನಡೆಯಿತು.

ಲೆಕ್ಕ ಹೇಳಿಬಿಡುತ್ತೇನೆ. ಕಾಗದ-ಬಣ್ಣ, ಓಡಾಟ, ಫ್ರೇಮು, ಬಾಡಿಗೆ, ಟೆಂಪೋ, ರದ್ದಿಯಾದ ಆಮಂತ್ರಣ ಎಲ್ಲ ಸೇರಿ ಕೈಬಿಟ್ಟದ್ದು ಅರವತ್ತು ಸಾವಿರದ ಮೇಲೆ. ಬಂದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಠೇವಣಿ ಇನ್ನೂ ವಾಪಸ್ ಬಂದಿಲ್ಲ. ಅದಕ್ಕೆ ಮೂಲ ರಶೀದಿ ಕೇಳುತ್ತಾರೆ, ಜೋಪಾನ ಮಾಡಿಟ್ಟುಕೊಳ್ಳಿ. ಪಂಚಾಯ್ತಿಯವರು ಒಂದು ಚಿತ್ರ ಸಭಾಗೃಹಕ್ಕೆ ಬೇಕೆಂದಿದ್ದಾರೆ, ಪುಕ್ಕಟೆಯಾಗಿ. ಕೊಡುತ್ತೇನೆ, ಆದರೆ ಪಡುವಣ ಕಿಟಕಿಯ ಎದುರಿನ ಗೋಡೆಗೆ ಹಾಕಬಾರದು ಎಂದು ಅರ್ಜಿ ಬರೆಯಬೇಕು. ಯಾವ ಚಿತ್ರ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪಡಸಾಲೆಯದೇ ಕೊಡು ಎನ್ನುತ್ತಾನೆ ಕಾಕಾನ ಮಗ. ಪಾಲಿನ ಪಂಚಾಯ್ತಿ ಕೂರುವಾಗ ಎಲ್ಲರಿಗೂ ಕಾಣಲಿ ಎಂದು.